ಕೈ ಕಟ್ಟಿ ಕೂತು ಮನೆ ಕಟ್ಟುವ ದೊಡ್ಡಮ್ಮ

ಮನೆಯೇ ಮೊದಲ ಪಾಠಶಾಲೆ, ಅಪ್ಪನೇ ಕೊನೆಯ ಬೆಂಚಿನ ವಿದ್ಯಾರ್ಥಿ! ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯ ಒಂದೂವರೆ ಕೋಣೆಯ ಮನೆ. ಬೇಕರಿಯಲ್ಲಿ ಹಿಟ್ಟು ನಾದುವ ಅಪ್ಪ ನೆಲದ ಮೇಲೆ ಮಂಡಿಯೂರಿದ್ದಾನೆ. ಬಾಯಲ್ಲಿ ಹೇರ್‌ಪಿನ್ನು, ಕೈಯಲ್ಲಿ ಆರು ವರ್ಷದ ಕಿರಿಮಗಳ ಕೂದಲು. ಹೆಣೆಯುತ್ತಿಲ್ಲ, ಹೆಣಗುತ್ತಿದ್ದಾನೆ. ಎದುರಿಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಐವತ್ತೆಂಟು ವರ್ಷದ ಹೆಂಗಸೊಬ್ಬರು ಕೈ ಕಟ್ಟಿ ಕೂತಿದ್ದಾರೆ.

"ಅಯ್ಯೋ ನಮ್ಮಪ್ಪ, ಅದು ಹಿಟ್ಟಲ್ಲ, ತಲೆ. ನಾದಬೇಡ, ಬಾಚು."

"ಹೊತ್ತಾಯ್ತು ದೊಡ್ಡಮ್ಮ, ಇವತ್ತೊಂದಿನ ನೀವೇ ಹಾಕ್ಬಿಡಿ."

"ನಾನು ಹಾಕಿದ್ರೆ ಅದು ಇವತ್ತಿನ ಜಡೆ. ನಾಳೆದು ಯಾರು ಹಾಕ್ತಾರೆ, ನಿಮ್ಮ ಓನರ್ರಾ?"

ಬೀದಿಗೆಲ್ಲ ದೊಡ್ಡಮ್ಮನಾಗಿರುವ ಇವರು ನೆರೆಹೊರೆಯವರೇ ಕಟ್ಟಿಕೊಂಡ ಸಂಘವೊಂದರ ಕಾರ್ಯಕರ್ತೆ. ಯಾವ ಮನೆಯ ಮಕ್ಕಳನ್ನು ಬಾಲಮಂದಿರಕ್ಕೆ ಕರೆದೊಯ್ಯುವ ಮಾತು ಎದ್ದಿದೆಯೋ ಆ ಮನೆಗೆ ಬೆಳ್ಳಂಬೆಳಗ್ಗೆ ಹೋಗಿ ಕೂರುವುದು ಇವರ ಕೆಲಸ. ಹೌದು, ಕೂರುವುದೇ. ಬಾಚಣಿಗೆ, ಪೊರಕೆ, ಸೌಟು ಯಾವುದನ್ನೂ ಮುಟ್ಟುವುದಿಲ್ಲ. ಮುಟ್ಟಿಸುತ್ತಾರೆ.

ಈ ಮನೆಯ ಸಂಕಟ ಇಷ್ಟು. ಶ್ವಾಸಕೋಶದ ಕಾಯಿಲೆಯಿಂದ ತಾಯಿ ಆಸ್ಪತ್ರೆ ಸೇರಿ ನಾಲ್ಕು ತಿಂಗಳು. ಅಪ್ಪನ ಕೆಲಸ ಬೆಳಗಿನ ಐದಕ್ಕೇ ಶುರುವಾಗುತ್ತಿತ್ತು. ಒಂಬತ್ತು ಮತ್ತು ಆರು ವರ್ಷದ ಹುಡುಗಿಯರು ತಾವೇ ಎದ್ದು, ಎದ್ದಾಗ ಶಾಲೆಗೆ ಹೋಗುತ್ತಿದ್ದರು. ಒಂದೇ ತಿಂಗಳಲ್ಲಿ ಹದಿನಾಲ್ಕು ದಿನ ತಡ, ಗಂಟು ಬಿದ್ದ ತಲೆ, ಜೋಡಿಯಲ್ಲದ ಶೂ. ಶಾಲೆ ಪತ್ರ ಬರೆಯಿತು, ಮಕ್ಕಳ ಕಲ್ಯಾಣ ಕಚೇರಿಯ ಅಧಿಕಾರಿ ಬಂದರು. ಆರು ವಾರ ಗಡುವು. ಬೆಳಗುಗಳು ಸರಿಹೋಗದಿದ್ದರೆ ತಾಯಿ ಗುಣವಾಗುವವರೆಗೆ ಹುಡುಗಿಯರು ಬಾಲಮಂದಿರಕ್ಕೆ. ಆ ಗಡುವು ಮುಗಿಯುವುದು ಈ ಶುಕ್ರವಾರ.

ದೊಡ್ಡಮ್ಮ ಮೊದಲು ಹೋಗಿದ್ದು ಬೇಕರಿಗೆ. "ಹಿಟ್ಟು ಎಂಟು ಗಂಟೆಗೂ ಉಬ್ಬತ್ತೆ ಸ್ವಾಮಿ. ಆದ್ರೆ ಸ್ಕೂಲ್ ಬೆಲ್ಲು ನಿಮ್ಮ ಒಲೆ ಕೇಳಿ ಹೊಡೆಯಲ್ಲ" ಎಂದು ಮಾಲೀಕರನ್ನು ಒಪ್ಪಿಸಿ ಪಾಳಿ ಬದಲಿಸಿದರು. ಸಂಜೆಗೆ ಕೆಳಗಿನ ಮನೆಯ ದರ್ಜಿ ಅತ್ತೆ ಸಿಕ್ಕರು. ಹೊಲಿಗೆ ಯಂತ್ರದ ಪಕ್ಕದಲ್ಲೇ ಹೋಂವರ್ಕ್. ಉಳಿದಿದ್ದು ಜಡೆ. ಮೊದಲ ದಿನದ ಜಡೆ ಟೀ ಕಪ್ಪಿನ ಹಿಡಿಯಂತೆ ಪಕ್ಕಕ್ಕೆ ನಿಂತಿತ್ತು. ಎರಡನೆಯ ದಿನದ ಬಿಗಿಗೆ ಕಿರಿಯವಳ ಹುಬ್ಬು ಹಣೆಗೇರಿ, ಮಗು ಇಡೀ ದಿನ ಆಶ್ಚರ್ಯಪಡುತ್ತಲೇ ಇತ್ತು.

ದೊಡ್ಡಮ್ಮ ಹಿಂದೆ ಬಾಲಮಂದಿರವೊಂದರಲ್ಲಿ ಬಟ್ಟೆ ಒಗೆಯುತ್ತಿದ್ದವರು. ಒಂಬತ್ತು ವರ್ಷ, ನಂಬರ್ ಬರೆದ ಪುಟ್ಟ ಪುಟ್ಟ ಅಂಗಿಗಳು. "ಭಾನುವಾರ ಗೇಟ್ ಹತ್ರ ನೋಡ್ತಿದ್ದೆ. ಅರ್ಧ ಮಕ್ಕಳಿಗೆ ಅಪ್ಪ ಅಮ್ಮ ಇದ್ರು. ಬಡಿಯೋರಲ್ಲ, ಕುಡಿಯೋರಲ್ಲ, ಬರೀ ಸುಸ್ತಾದೋರು. ಒಗೆದು ಒಣಗಿಸೋ ಬದಲು, ಕೊಳೆ ಆಗೋಕ್ ಮುಂಚೆನೇ ಹೋಗೋಣ ಅನ್ನಿಸ್ತು."

ಹನ್ನೊಂದು ವರ್ಷ, ಮೂವತ್ತೇಳು ಮನೆ. ದಿನಕ್ಕೆ ನಾಲ್ಕು ಮನೆ, ಮೂರು ಬಸ್ಸು. ಮೊಣಕಾಲು ಎಣಿಸಿದ ಮೆಟ್ಟಿಲು ಇನ್ನೂರಕ್ಕೂ ಹೆಚ್ಚು. ಮೂವತ್ಮೂರು ಮನೆಗಳಲ್ಲಿ ಮಕ್ಕಳು ಉಳಿದರು. ಮಿಕ್ಕ ನಾಲ್ಕು? "ಒಂದು ಮನೇಲಿ ಮಗು ಮೈ ಮೇಲೆ ಬರೆ ಇತ್ತು. ಕರ್ಕೊಂಡು ಹೋಗಿ ಅಂತ ನಾನೇ ಹೇಳ್ದೆ. ಎಲ್ಲಾ ಮನೆಗೂ ನನ್ನ ಸ್ಟೂಲೇ ಔಷಧಿ ಅಲ್ಲ."

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಅಧಿಕಾರಿ ಬರಬೇಕು. ಬರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಎದ್ದಿದ್ದ ದೊಡ್ಡಮ್ಮ ಗೋಡೆಗೊರಗಿ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಹಿರಿಯವಳು ಅಧಿಕಾರಿಯ ಮೂಗುದನಿಯಲ್ಲಿ ಅಣಕಿಸುತ್ತಾಳೆ: "ಎಲ್ಲಿ, ಜಡೆ ಹಾಕಿ ತೋರ್ಸಿ ನೋಡೋಣ!" ಅಪ್ಪ ಬೆವರುತ್ತಾನೆ. "ಭಯ ಆದ್ರೆ ಪ್ರಾಕ್ಟೀಸ್ ಮಾಡಪ್ಪ. ಅಗೋ, ಅಲ್ಲೊಂದು ತಲೆ ಖಾಲಿ ಇದೆ" ಎಂದು ಅವಳೇ ಗೊರಕೆಯತ್ತ ಕೈ ತೋರಿಸುತ್ತಾಳೆ. ಕಿರಿಯವಳು ಆಗಲೇ ಕೆಂಪು ರಿಬ್ಬನ್ ಹಿಡಿದು ನಿಂತಿದ್ದಾಳೆ.

ಬಾಗಿಲು ಬಡಿದ ಸದ್ದಿಗೆ ದೊಡ್ಡಮ್ಮ ಧಡಕ್ಕನೆ ಎದ್ದು, ಸೆರಗು ಸರಿಮಾಡಿಕೊಂಡು ತಾವೇ ಬಾಗಿಲು ತೆಗೆಯುತ್ತಾರೆ. "ಬನ್ನಿ ಮೇಡಂ. ಈ ಮನೇಲಿ ಈಗ ಹುಡುಗಾಟ ಏನೂ ಇಲ್ಲ, ಎಲ್ಲಾ ಶಿಸ್ತು." ಎರಡೂ ಕಿವಿಗಳ ಪಕ್ಕ ನರೆತ ಜಡೆಗಳು, ಮಡಚಿ ರಿಬ್ಬನ್ ಕಟ್ಟಿಸಿಕೊಂಡು, ತಲೆದೂಗುತ್ತವೆ.

ಅಧಿಕಾರಿ ತುಟಿ ಕಚ್ಚಿ ಒಳಬರುತ್ತಾರೆ. ಶಾಲೆಯ ಹಾಜರಿ ನೋಡುತ್ತಾರೆ: ನಾಲ್ಕು ವಾರದಿಂದ ಒಂದು ದಿನವೂ ತಡವಿಲ್ಲ. ಹುಡುಗಿಯರ ತಲೆ ನೋಡುತ್ತಾರೆ. "ಇದನ್ನ ಯಾರು ಹಾಕಿದ್ದು?"

"ನಾನೇ ಮೇಡಂ." ಅಪ್ಪ ಒಂದು ಹೆಜ್ಜೆ ಮುಂದೆ ಬರುತ್ತಾನೆ. "ಮೂರೂ ತಲೆ ನಾನೇ."

ಅಧಿಕಾರಿ ಬರೆಯುತ್ತಾರೆ, ಬರೆದದ್ದನ್ನು ಓದಿ ಹೇಳುತ್ತಾರೆ: "ಮಕ್ಕಳು ತಂದೆಯ ಬಳಿಯೇ ಇರಲಿ. ಕಡತ ಮುಗಿಸಲಾಗಿದೆ." ಅಪ್ಪ ಗೋಡೆ ಹಿಡಿದು ಕೂತುಬಿಡುತ್ತಾನೆ.

ದೊಡ್ಡಮ್ಮನ ಹುಬ್ಬು ಮಾತ್ರ ಗಂಟಾಗಿದೆ. "ಒಂದ್ನಿಮಿಷ. ಇಲ್ಲಿರೋರು ಇಬ್ರು ಹುಡುಗೀರು. ಮೂರನೇ ತಲೆ ಯಾರ್ದು?"

ಕಿರಿಯವಳು ಬೆರಳು ತೋರಿಸುತ್ತಾಳೆ. ದೊಡ್ಡಮ್ಮನ ಕೈ ಕಿವಿಯ ಬಳಿಗೆ ಹೋಗಿ, ಜಡೆಗೆ ಸಿಕ್ಕಿ, ಅಲ್ಲೇ ನಿಲ್ಲುತ್ತದೆ. ಒಮ್ಮೆ ಜಗ್ಗಿ ನೋಡುತ್ತಾರೆ. ಬಿಚ್ಚುವುದಿಲ್ಲ.

"ಬಿಗಿ ಸರಿಯಾಗಿದೆ ಕಣೋ, ಕಳ್ಳ!" ಎನ್ನುತ್ತಾ ಅವರು ನಕ್ಕ ನಗೆಗೆ ಕೆಳಗೆ ಹೊಲಿಗೆ ಯಂತ್ರ ಗಕ್ಕನೆ ನಿಲ್ಲುತ್ತದೆ. ಅಧಿಕಾರಿ, ಅಪ್ಪ, ಮಕ್ಕಳು ಎಲ್ಲರೂ ನಗುತ್ತಿದ್ದಾರೆ, ಆದರೆ ದೊಡ್ಡಮ್ಮನ ನಗೆಯ ಮುಂದೆ ಅವರ ನಗು ಯಾರಿಗೂ ಕೇಳಿಸುತ್ತಿಲ್ಲ.