ಒಂದೇ ಡಬ್ಬಿಯ ಕೊಬ್ಬರಿ

ನಮ್ಮ ಮನೆಯಲ್ಲಿ ಇಲಿಗಳನ್ನು ಕೊಲ್ಲುವುದಕ್ಕೂ ಸಾಕುವುದಕ್ಕೂ ಒಂದೇ ಡಬ್ಬಿಯ ಕೊಬ್ಬರಿ ಬಳಕೆಯಾಗುತ್ತದೆ ಎಂದರೆ ನೀವು ನಗಬಹುದು. ನಗಿ, ಬೇಸರವಿಲ್ಲ. ಅರಕಲಗೂಡಿನ ನಮ್ಮ ಬೀದಿ ಆಗಲೇ ನಕ್ಕು ಮುಗಿಸಿದೆ.

ಸಾಕುವವಳು ನಾನು, ಕೊಲ್ಲುವವರು ನಮ್ಮ ಅತ್ತೆ. ಹಾಸನದಲ್ಲಿದ್ದ ನನ್ನ ತಂಗಿ ವರ್ಗವಾಗಿ ಹೋಗುವಾಗ ತನ್ನ ಎರಡು ಬಿಳಿ ಇಲಿಗಳನ್ನು, ಅವುಗಳ ಗಾಜಿನ ತೊಟ್ಟಿಯ ಸಮೇತ, ನನ್ನ ಮಡಿಲಿಗೆ ಹಾಕಿದಳು. ಕಿವಿಯ ಮೇಲೆ ಮಚ್ಚೆಯಿರುವುದು ಚುಕ್ಕಿ, ಇಲ್ಲದ್ದು ಬೆಣ್ಣೆ. ಅತ್ತೆ ತೊಟ್ಟಿಯೊಳಗೆ ಒಮ್ಮೆ ಇಣುಕಿ, "ಜ್ವಾಳದ ಮೂಟೆ ಇರೋ ಮನೇಲಿ ಇಲಿ ಸಾಕ್ತಾರೇನವ್ವ? ಕಂಡೋರು ಏನಂದಾರು?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಬೇಡ ಎಂದ ಕೂಡಲೇ ನನಗೆ ಹಟ ಹತ್ತುತ್ತದೆ. ಹೊಳೆನರಸೀಪುರದ ನನ್ನ ತವರಿನವರೆಲ್ಲ ಹೀಗೆಯೇ. ಇವೆರಡನ್ನು ಸಾಕಿಯೇ ತೀರುತ್ತೇನೆ ಎಂದು ಅಂದೇ ನಿರ್ಧರಿಸಿದೆ.

ಇಲಿ ಸಾಕುವುದು ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಗಾತ್ರ ಹೆಬ್ಬೆರಳಿನಷ್ಟಾದರೂ ದರ್ಬಾರು ದೊಡ್ಡದು. ಹಳೆಯ ಪೇಪರನ್ನು ಚೂರು ಮಾಡಿ ಹಾಸಬೇಕು, ವಾಸನೆ ಬರುವ ಮೊದಲೇ ಬದಲಾಯಿಸಬೇಕು, ಫ್ಯಾನಿನ ಗಾಳಿ ನೇರವಾಗಿ ತಾಗಬಾರದು. ತಿನ್ನಲು ರಾಗಿ, ಗೋಧಿ, ಸೌತೆಕಾಯಿಯ ಒಂದು ಚೂರು; ಕೊಬ್ಬರಿ ಅಪರೂಪಕ್ಕೆ. ಇದು ನಾನೇ ಮಾಡಿದ ನಿಯಮ. ಡಬ್ಬಿಯ ಸದ್ದಿಗೆ ಎರಡೂ ಎದ್ದು ನಿಂತು ಗಾಜಿಗೆ ಕೈ ಹಚ್ಚಿದರೆ ಯಾವ ನಿಯಮವೂ ನೆನಪಾಗುವುದಿಲ್ಲ. ನಮ್ಮ ಹೊಯ್ಸಳ ಶಿಲ್ಪಿಗಳು ಗಣಪತಿಯ ಕಾಲ ಬಳಿ ಇಲಿಯನ್ನು ಮುದ್ದಾಗಿ ಕೆತ್ತಿದವರು. ಅವರ ಮನೆಯ ಅಕ್ಕಿಯನ್ನೂ ಇಲಿ ತಿಂದೇ ತಿಂದಿರುತ್ತದೆ. ಹಗಲೆಲ್ಲ ಕೆತ್ತಿ, ಸಂಜೆ ಮನೆಗೆ ಬಂದು ಕೋಲು ಹಿಡಿದು ಅಟ್ಟಿಸಿಕೊಂಡು ಹೋಗಿರಬೇಕು. ಹಾಗೆ ನೋಡಿದರೆ ನಮ್ಮ ಮನೆಯದು ಹಳೆಯ ಸಂಪ್ರದಾಯವೇ.

ಅತ್ತೆಯದು ಇನ್ನೂ ಒಂದು ಸಂಪ್ರದಾಯವಿದೆ. ಇಲಿಕತ್ತರಿ ಇಡುವ ವಿಷಯವನ್ನು ಮನೆಯೊಳಗೆ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಇಲಿಗಳು ಕೇಳಿಸಿಕೊಳ್ಳುತ್ತವೆ, ಕತ್ತರಿಯ ಹತ್ತಿರ ಸುಳಿಯುವುದಿಲ್ಲ, ಮೇಲಾಗಿ ಹೇಳಿದವರ ಸೀರೆಯನ್ನೇ ಹುಡುಕಿ ಕಡಿಯುತ್ತವೆ. ಆದ್ದರಿಂದ ಅತ್ತೆ ಸ್ಪ್ರಿಂಗಿನ ಆ ಕತ್ತರಿಗೆ ಸುಟ್ಟ ಕೊಬ್ಬರಿ ಸಿಕ್ಕಿಸಿ, ಯಾರಿಗೂ ಹೇಳದೆ ದಿನಕ್ಕೊಂದು ಮೂಲೆಯಲ್ಲಿ ಇಟ್ಟು ಬರುತ್ತಾರೆ. ನಾನು ಸೊಸೆಯಾಗಿ ಬಂದ ಮೇಲೆ ಅವರು ಈ ನೇಮ ಮುರಿದದ್ದನ್ನು ಕಂಡಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತೊಟ್ಟಿ ತೊಳೆಯುತ್ತಿದ್ದೆ. ಬಕೆಟ್ಟಿನಲ್ಲಿ ಬಿಟ್ಟಿದ್ದ ಬೆಣ್ಣೆ ನನ್ನ ತೋಳು ಹತ್ತಿ, ನೆಲಕ್ಕೆ ಹಾರಿ, ಜೋಳದ ಮೂಟೆಗಳ ಕೋಣೆಗೆ ನುಗ್ಗಿತು. ಹುಟ್ಟಿದಾಗಿನಿಂದ ಭಯವೇ ಗೊತ್ತಿಲ್ಲದ ಪ್ರಾಣಿ ಅದು. ಕೊಬ್ಬರಿಯ ವಾಸನೆ ಬಂದರೆ ಯಾರೋ ಪ್ರೀತಿಯಿಂದ ಕರೆಯುತ್ತಿದ್ದಾರೆ ಎಂದೇ ತಿಳಿಯುತ್ತದೆ.

"ಅತ್ತೆ, ಕತ್ತರಿ ಎಲ್ಲಿ ಮಡಗಿದ್ದೀರಿ?" ಎಂದು ಕೂಗಿದೆ.

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟರು. ಕಣ್ಣಿನಲ್ಲಿ, ಗದ್ದದಲ್ಲಿ ಏನೋ ಸನ್ನೆ ಮಾಡಿದರು. ನನಗೆ ತಿಳಿಯಲಿಲ್ಲ. ಗೋಡೆಯುದ್ದಕ್ಕೂ ಮೂಟೆಗಳ ಸಾಲು. ಬಾಗಿಲ ಪಕ್ಕದ ಮೂಲೆಯಲ್ಲಿ ಮಂಡಿಯೂರಿ ಕೈಯಾಡಿಸತೊಡಗಿದೆ. "ಬೆಣ್ಣೆ ಸತ್ತೋಗುತ್ತೆ ಅತ್ತೆ" ಎನ್ನುವಾಗ ಅಳು ಬಂದಿತ್ತು. ಒಂದು ಇಲಿಗಾಗಿ ಅಳುತ್ತಿದ್ದೇನೆಂದು ನಾಚಿಕೆಯೂ ಆಗಲಿಲ್ಲ.

ಅತ್ತೆ ಎದ್ದು ನಿಂತರು. ಬೀದಿಗೂ ಕೇಳುವಷ್ಟು ಗಟ್ಟಿಯಾಗಿ, "ಆ ಕಡೆ ಅಲ್ಲ ಕಣವ್ವ. ಕಿಟಕಿ ತಾವ, ಕೊನೇ ಮೂಟೆ ಇಂದೆ ಕತ್ತರಿ ಮಡಗಿವ್ನಿ. ಬಿರ್ನೆ ಓಗು" ಎಂದರು.

ಓಡಿದೆ. ಬೆಣ್ಣೆ ಕತ್ತರಿಯ ಮುಂದೆ ಹಿಂಗಾಲ ಮೇಲೆ ನಿಂತು ಕೊಬ್ಬರಿಯ ಕಡೆಗೆ ಮೂಗು ಚಾಚಿತ್ತು. ಬಾಚಿ ಎತ್ತಿಕೊಂಡೆ. ಅದಕ್ಕೆ ನನ್ನ ಮೇಲೆ ಸಿಟ್ಟು, ಕೊಬ್ಬರಿ ತಪ್ಪಿಹೋಯಿತಲ್ಲ.

ಆ ವಾರ ಒಂದು ಮನೆಯಿಲಿಯೂ ಕತ್ತರಿಗೆ ಬೀಳಲಿಲ್ಲ. ವಾರ ಕಳೆಯುವುದರೊಳಗೆ ಅತ್ತೆಯ ನೀಲಿ ಸೀರೆಯ ಸೆರಗಿನಲ್ಲಿ ತೂತುಗಳು ಬಿದ್ದವು. ಸೀರೆ ಇಡುವ ಪೆಟ್ಟಿಗೆಯ ಮುಚ್ಚಳ ಮೊದಲಿಂದಲೂ ಸರಿಯಾಗಿ ಕೂರುವುದಿಲ್ಲ ಎಂದು ವಿವರಿಸಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡೆ.

"ನೋಡ್ದಾ, ಕೇಳುಸ್ಕೊಂಡ್ಬುಟ್ಟವೆ" ಎಂದು ಅತ್ತೆ ಸೀರೆ ಬಿಡಿಸಿ ತೋರಿಸಿದರು. ಬೈಗುಳಕ್ಕೆ ಕಾದೆ. ಬೈಯಲಿಲ್ಲ. ಕಡಿದ ಅಂಚನ್ನು ಪರ್ರನೆ ಹರಿದು, ತೊಟ್ಟಿಯ ಮೇಲಿನ ಜಾಲರಿ ಸರಿಸಿ ಒಳಗೆ ಹಾಕಿದರು. "ಎಂಗೂ ಆಳಾಯ್ತು. ಇವಾದ್ರೂ ಬೆಚ್ಚಗೆ ಮನಗ್ಲಿ."

ಈಗ ಚುಕ್ಕಿ, ಬೆಣ್ಣೆ ನೀಲಿ ಸೆರಗಿನೊಳಗೆ ಮಲಗುತ್ತವೆ. ಅತ್ತೆ ಕತ್ತರಿ ಇಡುವುದನ್ನು ಬಿಟ್ಟಿಲ್ಲ, ನಾನು ಸಾಕುವುದನ್ನು ಬಿಟ್ಟಿಲ್ಲ. ಕತ್ತರಿ ಇಡುವ ಮೊದಲು ಮಾತ್ರ ಅವರು ನನ್ನನ್ನು ಹಿತ್ತಲಿನ ಹುಣಸೆಮರದವರೆಗೂ ಕರೆದೊಯ್ದು ಕಿವಿಯಲ್ಲಿ ಜಾಗ ಹೇಳುತ್ತಾರೆ. ಆಮೇಲೆ ಒಳಗೆ ಬಂದು ಡಬ್ಬಿಯ ಮುಚ್ಚಳ ತೆಗೆದು, ಮೊದಲ ಚೂರನ್ನು ತೊಟ್ಟಿಗೆ ಹಾಕಿ, ಎರಡನೆಯದನ್ನು ಒಲೆಯ ಮೇಲೆ ಸುಡುತ್ತಾರೆ.