ದೇವರ ಹಸು ತಿಂದ ಹುಲಿ

ಕಾಡು ಕಾಯುವುದೆಂದರೆ ಊರವರ ಬೈಗುಳ ತಿನ್ನುವ ಕೆಲಸ. ನಾನು ಮಾರುತೇಶ್, ಶ್ರೀರಾಂಪುರದ ಕಡೆ ಅರಣ್ಯದ ದಿನಗೂಲಿ ವಾಚರ್. ಬೇಲಿಗೆ ಕಟ್ಟಿದ ಉರುಳು ಕಿತ್ತರೆ ಉರುಳು ಕಟ್ಟಿದವನೇ ಬೈಯುತ್ತಾನೆ. ಸಾಕಾಗಿದೆ. ನಮ್ಮ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರ, ಬುಡದಲ್ಲಿ ಜಲ್ಲಿ ಕ್ರಷರ್. ನಡುವೆ ಉಳಿದಿರುವ ಕುರುಚಲಿಗೆ ಹೋದ ಬೇಸಿಗೆಯಲ್ಲಿ ಭದ್ರಾ ಕಾಡಿನ ಕಡೆಯಿಂದ ಒಂದು ಹುಲಿ ದಾರಿ ತಪ್ಪಿ ಬಂತು. ಬಂದದ್ದು ಸುಮ್ಮನಿರಬಾರದೇ? ಹೋಗಿ ಹೋಗಿ ದೇವರ ಹಸುವನ್ನೇ ಹಿಡಿಯಿತು.

ಆ ದನಗಳನ್ನು ಕಾಯುತ್ತಿದ್ದವನು ಗೊಲ್ಲರಹಟ್ಟಿಯ ಜುಂಜಯ್ಯಜ್ಜ. ಹೆಂಡತಿ ಇಲ್ಲ, ಮಕ್ಕಳಿಲ್ಲ. ದೇವರಿಗೆ ಬಿಟ್ಟ ದನವೇ ಅವನ ಸಂಸಾರ. ಅವುಗಳ ಹಾಲು ಮಾರುವಂತಿಲ್ಲ, ಮೈಮೇಲೆ ಕೋಲು ಆಡಿಸುವಂತಿಲ್ಲ. ಸತ್ತರೆ ಅಂದೇ ಪೂಜೆ ಮಾಡಿ ಮಣ್ಣು ಮಾಡಬೇಕು.

ಹಟ್ಟಿಯವರು ಗುಂಡಿ ತೆಗೆಯಲು ಸನಿಕೆ, ಪೂಜೆಗೆ ಅರಿಶಿನ ಹಿಡಿದು ಗುಡ್ಡಕ್ಕೆ ಬಂದೇಬಿಟ್ಟರು. ಹಸುವನ್ನು ಹೂತರೆ ಹಸಿದ ಹುಲಿ ಇನ್ನೊಂದನ್ನು ಹಿಡಿಯುತ್ತದೆ. ಅಜ್ಜನ ಅಣ್ಣನ ಮಗ ಯೋಗೇಶ್ ನನ್ನ ಮುಖಕ್ಕೇ ಹೇಳಿದ: "ನಮ್ ಸೀಮೆಹಸು ಮುಟ್ಲಿ, ಉಳಿದ ಮಾಂಸಕ್ಕೆ ವಿಷ ಸುರೀತೀನಿ. ಅದೇನ್ ಕೇಸ್ ಹಾಕ್ತೀಯೋ ಹಾಕ್ಕ." ಅಂದದ್ದನ್ನು ಮಾಡುವ ಗಂಡು ಅವನು. ಆದರೆ ದೇವರ ಹಸುವಿಗೆ ವಿಷ ಸುರಿಯುವ ಧೈರ್ಯ ಅವನಿಗೂ ಇರಲಿಲ್ಲ.

ಅಜ್ಜನನ್ನು ಪಕ್ಕಕ್ಕೆ ಕರೆದೆ. "ಹಂಗೇ ಬಿಡ್ರಿ ಅಜ್ಜ. ಹೊಟ್ಟೆ ತುಂಬಿದ್ರೆ ಬಂದ ದಾರಿ ಹಿಡಿದು ಹೋಗ್ತೈತೆ," ಅಂದೆ. ಹೋಗುತ್ತದೆಂದು ನನಗೇ ನಂಬಿಕೆ ಇರಲಿಲ್ಲ.

"ಮಣ್ಣು ಮಾಡ್ದಿದ್ರೆ ನನ್ ಕೈಯಾಗಿನ ದನ ಕಾಯೋ ಕೋಲು ಕಿತ್ಕಂತಾರಪ್ಪ. ದನ ಬಿಟ್ರೆ ನನಗೇನೈತೆ?"

ಅಜ್ಜ ಬಹಳ ಹೊತ್ತು ಹಸುವಿನ ಹಣೆ ಸವರಿದ. ಆಮೇಲೆ ಅರಿಶಿನ ಹಚ್ಚಿ, ಸನಿಕೆ ಹಿಡಿದವರಿಗೆ ಅಡ್ಡ ನಿಂತ.

"ಉಣ್ಣೋರ್ನ ಅರ್ಧಕ್ಕೆ ಎಬ್ಬಿಸ್ತಾರೇನ್ರಲೇ? ನಡೀರಿ ಮನೆಗೆ."

ಹುಲಿ ತಿಂದು ಮುಗಿಸಿ ಗುಡ್ಡ ಬಿಟ್ಟಿತು. ಉಳಿದ ಮೂಳೆಗಳನ್ನು ಅಜ್ಜನೊಬ್ಬನೇ ಹೂತ. ಹಟ್ಟಿಯವರು ಅವನ ಕೋಲು ಕಸಿದುಕೊಂಡು ಯೋಗೇಶನ ಕೈಗೆ ಕೊಟ್ಟರು.

ಮೊನ್ನೆ ನಮ್ಮ ಸಾಹೇಬರು ಫೋನ್ ಮಾಡಿದ್ದರು. ನಮ್ಮ ಗುಡ್ಡದಲ್ಲಿ ತೆಗೆದ ಫೋಟೊದ ಪಟ್ಟೆಗಳಿಗೇ ಹೊಂದುವ ಹುಲಿ ಭದ್ರಾ ಕಾಡಿನ ಕ್ಯಾಮೆರಾದಲ್ಲಿ ಕಂಡಿದೆಯಂತೆ. ಸದ್ಯ, ಇಷ್ಟಾದರೂ ಆಯಿತಲ್ಲ ಎಂದು ಹಟ್ಟಿಗೆ ಓಡಿದೆ. ಅಜ್ಜ ಜಗಲಿಯ ಮೇಲೆ ಬರಿಗೈಯಲ್ಲಿ ಕೂತಿದ್ದ.

"ಅಜ್ಜ, ಹುಲಿ ಬದುಕೈತಂತೆ!"

"ಇರ್ಲಿ ಬಿಡಪ್ಪ," ಅಂದ. ಅಷ್ಟೇ.

ಹೊತ್ತು ಮುಳುಗುತ್ತಿತ್ತು. ಯೋಗೇಶ್ ಅಟ್ಟಿಕೊಂಡು ಬರುತ್ತಿದ್ದ ದೇವರ ದನಗಳು ರಾತ್ರಿ ಕೂಡುವ ರೊಪ್ಪದ ಕಡೆ ತಿರುಗದೆ ಸೀದಾ ಜಗಲಿಯ ಮುಂದೆ ಬಂದು ನಿಂತವು. ದಿನವೂ ಹೀಗೇ ಅಂತೆ. ಒಂದು ಮುದಿ ಹಸು ಅಜ್ಜನ ಕೈ ನೆಕ್ಕಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಹೋಗ್ರವ್ವ. ನಿಮ್ಮನ್ನ ಕಾಯೋನು ಅಲ್ಲಿ ಅವ್ನೆ ನೋಡ್ರಿ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ದನಗಳು ಕದಲಲಿಲ್ಲ.