ಮೂವರು ಗುತ್ಯಮ್ಮಂದಿರು

ಅಕ್ಕಿ ಕರಕಾಗುವ ವಾಸನೆ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಒಲೆಯ ಕಡೆ ಓಡುತ್ತಾರೆ. ನಾನು ಮಾತ್ರ ನಿಂತಲ್ಲೇ ನಿಂತುಬಿಡುತ್ತೇನೆ. ಮೊನ್ನೆ ಸೊಸೆ ತಂಬಿಟ್ಟಿಗೆಂದು ಬಾಣಲೆಯಲ್ಲಿ ಅಕ್ಕಿ ಹುರಿಯಲು ಇಟ್ಟು, ಯಾರದೋ ಫೋನು ಬಂತೆಂದು ಹೊರಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಅಡುಗೆಮನೆ ತುಂಬ ಹೊಗೆ. "ಇಲ್ಲೇ ಇದ್ರಲ್ಲ ಅತ್ತೆ, ನೋಡಬಾರದಿತ್ತಾ?" ಎಂದಳು. ನೋಡುತ್ತಲೇ ಇದ್ದೆ. ಅಕ್ಕಿ ಕೆಂಪಾಗಿ, ಕಂದಾಗಿ, ಕೊನೆಗೆ ಇದ್ದಿಲಿನ ಹಾಗೆ ಕಪ್ಪಾಗುವವರೆಗೂ ನೋಡುತ್ತ ನಿಂತಿದ್ದೆ. ಹೀಗೆ ಬೇಕೆಂದೇ ಅಕ್ಕಿಯನ್ನು ಕರಕು ಮಾಡಿ, ನೆನೆಸಿ, ಅರೆದು, ಗೋಡೆಯ ಚಿತ್ತಾರಕ್ಕೆ ಕಪ್ಪು ಬಣ್ಣ ತೆಗೆಯುತ್ತಿದ್ದ ಒಬ್ಬಳು ನನ್ನ ಬಾಲ್ಯದಲ್ಲಿ ಇದ್ದಳು. ಅವಳಿಗೆ ನಾನು ಮಾಡಿದ್ದನ್ನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ನಿಮ್ಮ ಬಾಲ್ಯದಲ್ಲಿಯೂ ಹೀಗೆ ಹೇಳದೆ ಉಳಿದದ್ದು ಒಂದಾದರೂ ಇದ್ದೀತು ಎಂಬ ಧೈರ್ಯದ ಮೇಲೆ ಈಗ ಬರೆಯುತ್ತಿದ್ದೇನೆ.

ನಮ್ಮದು ಶಿಕಾರಿಪುರ. ಅಪ್ಪ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಬೇಸಿಗೆ ರಜೆ ಬಂತೆಂದರೆ ಅವ್ವ ನನ್ನನ್ನು ಸೊರಬದ ಆಚೆ, ಜಡೆಗೆ ಹೋಗುವ ದಾರಿಯಲ್ಲಿದ್ದ ದೊಡ್ಡಮ್ಮನ ಊರಿಗೆ ಕಳಿಸುತ್ತಿದ್ದಳು. ಕನ್ನಡ ನಾಡು ಒಂದಾಗಿ ಇನ್ನೂ ಒಂದೆರಡು ವರ್ಷವಷ್ಟೇ ಆಗಿದ್ದ ಕಾಲ; ನನಗೆ ಹತ್ತು ತುಂಬಿ ಹನ್ನೊಂದು. ದೊಡ್ಡಮ್ಮನ ಹೆಸರು ಗುತ್ಯಮ್ಮ. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಕ್ಕಳು ಗಂಡಾದರೆ ಗುತ್ಯಪ್ಪ, ಹೆಣ್ಣಾದರೆ ಗುತ್ಯಮ್ಮ. ಮಗುವಿಗೆ ಹೆಸರು ಹುಡುಕುವ ತಲೆನೋವು ಆ ಕಡೆ ಯಾವ ಅಪ್ಪನಿಗೂ ಇರಲಿಲ್ಲ. ದೊಡ್ಡಮ್ಮನ ಕೇರಿಯೊಂದರಲ್ಲೇ ಮೂವರು ಗುತ್ಯಮ್ಮಂದಿರಿದ್ದರು. ಬಾವಿಕಟ್ಟೆಯಲ್ಲಿ ನಿಂತು ಯಾರಾದರೂ "ಗುತ್ಯಮ್ಮಾ" ಎಂದು ಕೂಗಿದರೆ ಮೂರು ಮನೆಯಿಂದಲೂ "ಓ" ಎಂಬ ಉತ್ತರ ಬರುತ್ತಿತ್ತು. ಆಮೇಲೆ "ನೀನಲ್ಲ ಮಾರಾಯ್ತಿ, ಆಚೆಮನೆಯವಳು" ಎಂದು ಇಬ್ಬರನ್ನು ಒಳಗೆ ಕಳಿಸಬೇಕಾಗುತ್ತಿತ್ತು.

ಮೂವರೂ ಸುತ್ತಲ ಹತ್ತು ಹಳ್ಳಿಗೆ ಹೆಸರುವಾಸಿಗಳೇ. ನಮ್ಮ ದೊಡ್ಡಮ್ಮ ಹಾಡಿನ ಗುತ್ಯಮ್ಮ. ಮದುವೆಮನೆಯಲ್ಲಿ ಅವಳು ಸೋಬಾನೆಗೆ ದನಿ ಎತ್ತಿದರೆ ಬೀಗರ ಜಗಳ ಕೂಡ ಅರ್ಧಕ್ಕೆ ನಿಲ್ಲುತ್ತಿತ್ತು. ಎರಡನೆಯವಳು ಸೂಲಗಿತ್ತಿ ಗುತ್ಯಮ್ಮ. ಕಡ್ಡಿ ಮುರಿದ ಹಾಗೆ ಮಾತು. "ಈ ಊರಾಗೆ ಅರ್ಧ ಜನರ್ನ ಬೆತ್ತಲೆ ಕಂಡೋಳು ನಾನು, ನಂಗ್ಯಾರ ಹೆದ್ರಿಕೆ?" ಎನ್ನುತ್ತಿದ್ದಳು. ಮೂರನೆಯವಳೇ ಚಿತ್ತಾರದ ಗುತ್ಯಮ್ಮ. ನಾನು ಅವಳನ್ನು ಚಿಕ್ಕಿ ಎಂದು ಕರೆಯುತ್ತಿದ್ದೆ. ಸಂಬಂಧದಲ್ಲಿ ಏನೂ ಅಲ್ಲ, ಬರೀ ಸಲಿಗೆಯಲ್ಲಿ. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ತಿರುಗಿ ಬಂದಿದ್ದಳು. ಅತ್ತಿಗೆ ಕೆಟ್ಟವಳಲ್ಲ, ಆದರೆ ಕೊಟ್ಟ ಅನ್ನವನ್ನು ಮರೆಯುವವಳೂ ಅಲ್ಲ. ಭತ್ತ ತುಂಬಿಡುವ ಪಣತದ ಪಕ್ಕ ಒಂದು ಚಾಪೆ ಹಾಸುವಷ್ಟು ಜಾಗ ಚಿಕ್ಕಿಯದು. ಸುಗ್ಗಿಯಲ್ಲಿ ಭತ್ತ ಹೆಚ್ಚಾದರೆ ಆ ಚಾಪೆಯನ್ನೂ ಸುತ್ತಿ ಜಗಲಿಗೆ ಬರಬೇಕಾಗಿತ್ತು.

ಅವಳ ಕೈ ಮಾತ್ರ ಯಾರ ಹಂಗಿನದೂ ಆಗಿರಲಿಲ್ಲ. ಕೆಮ್ಮಣ್ಣು ಬಳಿದ ಗೋಡೆ ಒಣಗಿದೆಯೇ ಎಂದು ಅವಳು ಅಂಗೈಯಿಂದ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ದಾರ ಅದ್ದಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಬಿಗಿಹಿಡಿದು ಗೋಡೆಗೆ ಚಿಮ್ಮುತ್ತಿದ್ದಳು. ಟಪ್ ಎಂದು ಸದ್ದಾಗಿ ಒಂದು ನೇರ ಗೆರೆ ಮೂಡುತ್ತಿತ್ತು. ಹಾಗೆ ಚೌಕದೊಳಗೆ ಚೌಕ ಹಾಕಿ, ಪುಂಡಿನಾರಿನ ಕುಂಚದಿಂದ ಒಳಗೆಲ್ಲ ಏಣಿ, ಭತ್ತದ ತೆನೆ, ಹಕ್ಕಿ, ನಡುವೆ ಮದುಮಕ್ಕಳನ್ನು ತುಂಬುತ್ತಿದ್ದಳು. ಕರಕು ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ತೆಂಗಿನ ಚಿಪ್ಪುಗಳಲ್ಲಿ ಇರುತ್ತಿದ್ದವು. ಗೆರೆ ತಪ್ಪಿದರೆ ಅಳಿಸಬಾರದು ಎನ್ನುತ್ತಿದ್ದಳು. "ತಪ್ಪಿದ್ದನ್ನೂ ಚಿತ್ತಾರದಾಗೆ ಸೇರಿಸ್ಕಂಡು ಮುಂದಕ್ಕೆ ಹೋಗಾದು ಮಗಾ." ನನ್ನ ಬೆರಳು ಹಿಡಿದು ಎಳೆಸಿದ ವಕ್ರ ಗೆರೆಗಳನ್ನು ಅವಳು ನಿಜಕ್ಕೂ ಹಾಗೆಯೇ ಬಳ್ಳಿ ಮಾಡಿ ಉಳಿಸಿಕೊಂಡಳು.

ಆ ಬೇಸಿಗೆಯಲ್ಲಿ ದೊಡ್ಡಮ್ಮನ ಮಗಳು ಶಾರದಕ್ಕನ ಮದುವೆ. ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಚಿತ್ತಾರ ಆಗಬೇಕು. ಆದರೆ ಹಸೆಗೋಡೆಗೆ ಮುತ್ತೈದೆಯ ಕೈಯೇ ಆಗಬೇಕೆಂಬುದು ಊರಿನ ನಂಬಿಕೆ. ಚಿಕ್ಕಿಯಂಥ ಕೈ ಬೇರೆ ಯಾರಿಗೂ ಇಲ್ಲ ಎಂಬುದೂ ಊರಿಗೆ ಗೊತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೆಂಗಸರೇ ಒಂದು ದಾರಿ ಮಾಡಿಕೊಂಡಿದ್ದರು. ಮಧ್ಯಾಹ್ನದ ಊಟವಾಗಿ ಗಂಡಸರು ಹೊರಗೆ ಹೋದ ಮೇಲೆ ನಡುಮನೆಯ ಬಾಗಿಲು ಹಾಕುವುದು. ಚಿಕ್ಕಿ ಒಳಗೆ ಬರೆಯುವುದು. ಮನೆಯ ಮುತ್ತೈದೆ ಹೊಸಿಲಲ್ಲಿ ಮೊರ ಹಿಡಿದು ಕೂತು ಕಾವಲು ಕಾಯುವುದು. ನಾಲ್ಕನೆಯ ದಿನ ಎಲ್ಲ ಮುಗಿದ ಮೇಲೆ ಮುತ್ತೈದೆ ಬಂದು ಕುಂಚ ತೆಗೆದುಕೊಂಡು ಮೂಲೆಯಲ್ಲಿ ಒಂದು ಚುಕ್ಕಿ ಇಡುವುದು. ಆ ಚುಕ್ಕಿಯಿಂದ ಚಿತ್ತಾರವೆಲ್ಲ ಅವಳದೇ. ಶಾರದಕ್ಕನ ಮದುವೆಗೂ ಹಾಗೆಯೇ ಆಯಿತು. ದೊಡ್ಡಮ್ಮ ಚುಕ್ಕಿ ಇಟ್ಟಳು. ಮದುವೆಯ ದಿನ ಬೀಗರು ಗೋಡೆ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಚಿಕ್ಕಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು.

ಮದುವೆಯಾಗಿ ತಿಂಗಳು ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಕೇರಿಗೆ ಜೀಪು ಬಂತು. ಹಳ್ಳಿಹಳ್ಳಿ ಸುತ್ತಿ ಕೈಕಸುಬಿನವರನ್ನು ಹುಡುಕುತ್ತಿದ್ದ ಸಾಹೇಬರೊಬ್ಬರು. ಅವರ ಹಿಂದೆ ಕ್ಯಾಮರಾದ ಪೆಟ್ಟಿಗೆ ಹೊತ್ತು ನಮ್ಮ ಶಿಕಾರಿಪುರದ ಫೋಟೋ ಅಂಗಡಿಯ ರಹಮಾನ್ ಸಾಬರು. ಸಾಬರ ಮನೆ ನಮ್ಮ ಮನೆಯ ಹಿಂದಿನ ಓಣಿಯಲ್ಲೇ. "ಏನ್ರೀ, ಮೇಷ್ಟ್ರ ಮಗಳು ಇಲ್ಲಿದ್ದೀರಿ!" ಎಂದು ನಕ್ಕರು. ಜಗಲಿಯಲ್ಲಿ ನಾನೊಬ್ಬಳೇ ಕೂತಿದ್ದೆ. ಅಂಗಳದಲ್ಲಿ ದೊಡ್ಡಮ್ಮ ಹಪ್ಪಳ ಒಣಗಿಸುತ್ತಿದ್ದಳು, ಚಿಕ್ಕಿ ಹಪ್ಪಳದ ಸೀರೆಯ ಇನ್ನೊಂದು ತುದಿ ಹಿಡಿದಿದ್ದಳು. ಸಾಹೇಬರು ನನ್ನನ್ನೇ ಕೇಳಿದರು: "ಇಲ್ಲಿ ಗುತ್ಯಮ್ಮ ಅಂತ ಚಿತ್ತಾರ ಬರೆಯೋರು ಇದ್ದಾರಂತಲ್ಲ, ಯಾರಮ್ಮ ಅವರು?"

ಇಬ್ಬರು ಗುತ್ಯಮ್ಮಂದಿರೂ ತಲೆ ಎತ್ತಿ ನನ್ನ ಕಡೆ ನೋಡಿದರು. ಚಿಕ್ಕಿಯ ಕೈ ಸೆರಗಿಗೆ ಹೋಯಿತು, ತಲೆಯ ಮೇಲೆ ಎಳೆದುಕೊಳ್ಳಲೋ ಬೇಡವೋ ಎಂಬ ಹಾಗೆ. ನಾನು ಎದ್ದು ಹೋಗಿ ದೊಡ್ಡಮ್ಮನ ಕೈ ಹಿಡಿದುಕೊಂಡು, "ನಮ್ಮ ದೊಡ್ಡಮ್ಮ" ಎಂದೆ.

ಶಾರದಕ್ಕನ ಹಸೆಯನ್ನು ವಿಧವೆ ಬರೆದಳೆಂದು ಬೀಗರ ಕಿವಿಗೆ ಬಿದ್ದರೆ ಏನಾದೀತೆಂಬ ಭಯದಿಂದ ಹಾಗೆ ಹೇಳಿದೆ ಎಂದು ಬರೆದರೆ ನೀವು ನಂಬುತ್ತೀರಿ. ಆ ಸಂಜೆ ದೊಡ್ಡಮ್ಮನೂ ಹಾಗೆಂದೇ ನಂಬಿ, "ಒಳ್ಳೇದು ಮಾಡ್ದೆ ಮಗಾ" ಎಂದು ತಲೆ ಸವರಿದಳು. ನಿಜ ಅದಲ್ಲ. ರಹಮಾನ್ ಸಾಬರ ಕ್ಯಾಮರಾ ಕಂಡ ಕ್ಷಣವೇ ನನಗೆ ಅದರ ಮುಂದೆ ನಿಲ್ಲುವ ಆಸೆ ಹುಟ್ಟಿತ್ತು. ದೊಡ್ಡಮ್ಮನ ಫೋಟೋ ಆದರೆ ನಾನೂ ಪಕ್ಕದಲ್ಲಿ ನಿಲ್ಲಬಹುದು. ಚಿಕ್ಕಿಯದಾದರೆ ಯಾರು ನಿಲ್ಲಿಸಿಕೊಳ್ಳುತ್ತಾರೆ? ಇಷ್ಟೇ ನನ್ನ ಲೆಕ್ಕ.

ನಡುಮನೆಯಲ್ಲಿ ಬೆಳಕು ಸಾಲದಾಯಿತು. ಸಾಬರು ಗೋಡೆಗೆ ತೂಗುಹಾಕಿದ್ದ ಕನ್ನಡಿ ಇಳಿಸಿ, ಅಂಗಳದ ಬಿಸಿಲನ್ನು ಒಳಗೆ ತಿರುಗಿಸಲು ಯಾರಾದರೂ ಹಿಡಿದು ನಿಲ್ಲಬೇಕೆಂದರು. ಅಲ್ಲಿ ಬಿಡುವಾಗಿದ್ದವಳು ಚಿಕ್ಕಿ ಒಬ್ಬಳೇ. "ಸ್ವಲ್ಪ ಎತ್ತರಕ್ಕೆ ಹಿಡೀರಿ ಅಮ್ಮ, ಅಲ್ಲಾಡಿಸಬ್ಯಾಡ್ರಿ" ಎಂದು ಸಾಬರು ಹೇಳಿದ ಹಾಗೆ ಬಿಸಿಲಲ್ಲಿ ನಿಂತು ಹಿಡಿದಳು. ಒಂದಿಷ್ಟೂ ಅಲ್ಲಾಡಲಿಲ್ಲ. ಅವಳು ಕಳಿಸಿದ ಬೆಳಕಿನಲ್ಲಿ ಅವಳು ಬರೆದ ಗೋಡೆಯ ಮುಂದೆ ದೊಡ್ಡಮ್ಮ ಕುಂಚ ಹಿಡಿದು ನಿಂತಳು, ನಾನು ಎರಡು ಜಡೆ ಮುಂದಕ್ಕೆ ಹಾಕಿಕೊಂಡು ನಿಂತೆ.

ಹೊರಡುವಾಗ ಸಾಹೇಬರು ಹೇಳಿದ ಮಾತು ಮೂವರಿಗೂ ಕೇಳಿಸಿತು. "ಶಿಕಾರಿಪುರದಲ್ಲಿ ಹೆಣ್ಣುಮಕ್ಕಳಿಗೆ ಕೈಕೆಲಸ ಕಲಿಸೋ ತರಗತಿ ಶುರು ಮಾಡ್ತಿದ್ದೀವಿ. ನೀವು ಬಂದು ಚಿತ್ತಾರ ಕಲಿಸಬೇಕು. ಇರೋಕೆ ಒಂದು ಕೋಣೆ ಕೊಡ್ತೀವಿ, ಊಟದ ವ್ಯವಸ್ಥೆನೂ ಆಗುತ್ತೆ." ದೊಡ್ಡಮ್ಮ ಬೆವರಿದಳು. "ನಂಗೆ ಮನೆ, ದನ, ಕರ ಬಿಟ್ಟು ಬರಾಕಾಗಲ್ರೀ" ಎಂದಳು. ಸಾಹೇಬರು ಎರಡು ಸಲ ಒತ್ತಾಯ ಮಾಡಿ ಜೀಪು ಹತ್ತಿದರು. ಚಿಕ್ಕಿ ಕನ್ನಡಿಯನ್ನು ಸೆರಗಿನಿಂದ ಒರೆಸಿ ಮತ್ತೆ ಮೊಳೆಗೆ ತೂಗುಹಾಕಿ ಬಂದಳು. ನನ್ನನ್ನು ಬೈಯಲಿಲ್ಲ. ಬಾವಿಯ ಹತ್ತಿರ ಸಿಕ್ಕಿದಾಗ ಮೆಲ್ಲಗೆ ಕೇಳಿದಳು: "ಒಬ್ರಿಗೇ ಒಂದು ಕೋಣೆನಾ ಮಗಾ? ಬಾಗ್ಲು ಇರ್ತಿತ್ತಾ ಅದಕ್ಕೆ?"

"ನಂಗೊತ್ತಿಲ್ಲ" ಎಂದು ಓಡಿಬಿಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಚಿಕ್ಕಿಯ ಪಾಲಿನ ಆ ತುತ್ತನ್ನು ತಟ್ಟಿ ಬೀಳಿಸಿದವಳು ನಾನು.

ರಜೆ ಮುಗಿದು ಶಿಕಾರಿಪುರಕ್ಕೆ ಬಂದರೆ ಆ ಫೋಟೋ ರಹಮಾನ್ ಸಾಬರ ಅಂಗಡಿಯ ಗಾಜಿನ ಹಿಂದೆ ಕೂತಿತ್ತು. ಕೆಳಗೆ ದುಂಡು ಅಕ್ಷರದಲ್ಲಿ 'ಚಿತ್ತಾರದ ಗುತ್ಯಮ್ಮ' ಎಂದು ಬರೆದಿತ್ತು. ಹೆಸರು ಸರಿಯಾಗಿಯೇ ಇತ್ತು, ಮುಖ ಮಾತ್ರ ಬೇರೆ. ನನ್ನ ಸುಳ್ಳು ಯಾವತ್ತೂ ಸಿಕ್ಕಿಬೀಳದ ಹಾಗೆ ಆ ಹೆಸರೇ ಅದನ್ನು ಕಾಪಾಡಿತು. ಮೊದಮೊದಲು ಗೆಳತಿಯರನ್ನು ಕರೆದೊಯ್ದು ತೋರಿಸಿದೆ. ಆಮೇಲೆ ಶಾಲೆಗೆ ಬೇರೆ ದಾರಿ ಹಿಡಿದೆ. ಒಮ್ಮೆ ಸಾಬರೇ ಓಣಿಯಲ್ಲಿ ನಿಲ್ಲಿಸಿ, "ನಿಮ್ಮ ದೊಡ್ಡಮ್ಮ ಬರಂಗಿಲ್ಲೇನ್ರೀ? ಕೋಣೆ ಇನ್ನೂ ಖಾಲಿ ಐತಿ, ಸಾಹೇಬ್ರು ಕೇಳ್ತಿದ್ರು" ಎಂದರು. ಅವರ ಕಣ್ಣಲ್ಲಿ ಕರುಣೆಯಿತ್ತು. ನಾನು ನಿಜ ಬಾಯಿಬಿಟ್ಟಿದ್ದರೆ ಬೈಯುತ್ತಿರಲಿಲ್ಲ, ಖಂಡಿತ ಸಾಹೇಬರಿಗೆ ಹೇಳಿ ಚಿಕ್ಕಿಗೆ ಜೀಪು ಕಳಿಸುತ್ತಿದ್ದರು. ಶಾರದಕ್ಕ ಆಗಲೇ ಬಸುರಿ, ಬೀಗರು ಇನ್ನು ಗೋಡೆಯ ಮಾತೆತ್ತುವ ಹಾಗೂ ಇರಲಿಲ್ಲ. ಆದರೆ ನಿಜ ಹೇಳಿದರೆ ಗಾಜಿನ ಹಿಂದಿನ ಫೋಟೋ ಇಳಿಯುತ್ತಿತ್ತು, ಅದರಲ್ಲಿ ನಾನಿದ್ದೆನಲ್ಲ. "ಇಲ್ಲ, ಬರಲ್ವಂತೆ" ಎಂದೆ. ಮೊದಲನೆಯದನ್ನು ಮಗುವಿನ ಬುದ್ಧಿ ಎಂದು ಯಾರಾದರೂ ಕ್ಷಮಿಸಬಹುದು. ಇದಕ್ಕೆ ನನ್ನ ಹತ್ತಿರ ನೆಪವಿಲ್ಲ.

ಮುಂದಿನ ಬೇಸಿಗೆ ನಾನು ಹೊಟ್ಟೆನೋವೆಂದು ಸುಳ್ಳು ಹೇಳಿ ದೊಡ್ಡಮ್ಮನ ಊರಿಗೆ ಹೋಗಲಿಲ್ಲ. ಫೋಟೋದ ಒಂದು ಪ್ರತಿ ಅಲ್ಲಿಗೂ ಹೋಗಿತ್ತು. ಸೂಲಗಿತ್ತಿ ಗುತ್ಯಮ್ಮ ಅದನ್ನು ನೋಡಿ, "ಯಾರ್ದೋ ದುಡ್ಡು ಎಲ್ಲಮ್ಮನ ಜಾತ್ರೆ" ಎಂದು ದೊಡ್ಡಮ್ಮನ ಎದುರೇ ಅಂದಳಂತೆ. ದೊಡ್ಡಮ್ಮ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳಂತೆ.

ಅದಾದ ಮೇಲಿನ ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ, ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಒಬ್ಬ ಮನೆ ಬಾಗಿಲಿಗೆ ಬಂದ. ಸಾವಿನ ಸುದ್ದಿಯನ್ನು ಆಗ ಬಸ್ಸಿನಿಂದ ಬಸ್ಸಿಗೆ ಬಾಯಿಮಾತಲ್ಲೇ ದಾಟಿಸುತ್ತಿದ್ದರು. "ಮೇಷ್ಟ್ರೇ, ಜಡೆ ಬಸ್ಸಿನವ್ರು ಹೇಳಿ ಕಳಿಸ್ಯಾರ. ನಿಮ್ಮ ಗುತ್ಯಮ್ಮ ತೀರಿಕೊಂಡ್ರಂತ್ರೀ." ಅವ್ವ ಉಟ್ಟ ಸೀರೆಯಲ್ಲೇ ಹೊರಟಳು. ಅಪ್ಪ ನಮ್ಮಿಬ್ಬರನ್ನೂ ಮೊದಲ ಬಸ್ಸಿಗೆ ಹತ್ತಿಸಿದರು. ಶಿರಾಳಕೊಪ್ಪದವರೆಗೆ ಅವ್ವ ಅತ್ತಳು, ಸೊರಬದವರೆಗೆ ಇಬ್ಬರೂ ಅತ್ತೆವು, ಜಡೆಯ ಬಸ್ಸಿನಲ್ಲಿ ನನ್ನ ಅಳುವೇ ಜೋರಾಗಿ ಯಾರೋ ಅಪರಿಚಿತ ಹೆಂಗಸು ತೊಡೆಯ ಮೇಲೆ ಮಲಗಿಸಿಕೊಂಡಳು. ದೊಡ್ಡಮ್ಮನ ಹಾಡು, ದೊಡ್ಡಮ್ಮನ ಕೈಯ ಹಪ್ಪಳ, ದೊಡ್ಡಮ್ಮ ತಲೆ ಸವರಿದ್ದು ಎಲ್ಲ ನೆನೆದು ಕಣ್ಣೀರು ಬತ್ತುವವರೆಗೂ ಅತ್ತೆ.

ಇಳಿದು ಕೇರಿಗೆ ತಿರುಗಿದರೆ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ಅವ್ವ ಒಮ್ಮೆ ಚೀರಿ ಅವಳನ್ನು ಅಪ್ಪಿಕೊಂಡಳು. "ಸದ್ಯ, ನೀನಲ್ವಲ್ಲೇ ಅಕ್ಕಾ! ಸದ್ಯ!" ನಾನು ದೊಡ್ಡಮ್ಮನ ಸೊಂಟ ಹಿಡಿದು ನಗುತ್ತಿದ್ದೆ. ಹೌದು, ನಕ್ಕೆ. ಕುಣಿದೆ ಎಂದರೂ ಸುಳ್ಳಲ್ಲ. ದೊಡ್ಡಮ್ಮ ನನ್ನ ಕೈ ಬಿಡಿಸಿದಳು. "ಮೆಲ್ಲಕೆ ಮಗಾ. ಆಚೆಮನೆಯಾಗೆ ಇನ್ನೂ ಎತ್ತಿಲ್ಲ. ಮೂರು ದಿನ ಜ್ವರ, ನಿನ್ನ ಹೆಸ್ರು ಹಿಡ್ದು ಕೇಳ್ತಿದ್ಲು. ಅದಕ್ಕೇ ಸರೋಜಿಗೆ ಹೇಳ್ರಿ ಅಂತ ಕಳಿಸಿದ್ದೆ." ಸರೋಜಿ ನಾನೇ. ಬಸ್ಸಿನಿಂದ ಬಸ್ಸಿಗೆ ದಾಟುವಾಗ ನನ್ನ ಹೆಸರು ಎಲ್ಲೋ ಬಿದ್ದುಹೋಗಿ, ಗುತ್ಯಮ್ಮ ಎಂಬುದಷ್ಟೇ ನಮ್ಮ ಬಾಗಿಲು ಮುಟ್ಟಿತ್ತು.

ಪಣತದ ಪಕ್ಕ ಅದೇ ಚಾಪೆಯ ಮೇಲೆ ಚಿಕ್ಕಿ ಮಲಗಿದ್ದಳು. ಸುಗ್ಗಿ ಮುಗಿದು ಭತ್ತ ತುಂಬಿದ್ದರಿಂದ ಕಾಲು ಅರ್ಧ ಬಾಗಿಲ ಹೊರಗಿತ್ತು. ಸೂಲಗಿತ್ತಿ ಗುತ್ಯಮ್ಮ ಬಿಸಿನೀರು ತಂದಿಟ್ಟು ನನ್ನನ್ನು ನೋಡಿದಳು. "ನಿನ್ನ ದಾರಿನೇ ನೋಡ್ತಿದ್ಲು. ಅತ್ತುಬಿಡೇ ಹುಡ್ಗಿ, ಹೋಗಾಳಿಗೆ ಅಷ್ಟಾದ್ರೂ ಸಿಗ್ಲಿ" ಎಂದಳು. ನಾನು ಅಳಲು ನೋಡಿದೆ. ಮುಖ ಹಿಂಡಿದೆ, ಲಂಗದ ಅಂಚಿನಿಂದ ಒಣಗಿದ ಕಣ್ಣು ಉಜ್ಜಿದೆ. ಒಂದು ಹನಿ ಬರಲಿಲ್ಲ. ಅವಳ ಪಾಲಿನ ಅಳುವನ್ನೂ ನಾನು ದಾರಿಯುದ್ದಕ್ಕೂ ದೊಡ್ಡಮ್ಮನಿಗೇ ಕೊಟ್ಟು ಬಂದಿದ್ದೆ.